ಒಂದು ಕಡೆ ಹಾಲು ಹೆಚ್ಚು, ಇನ್ನೊಂದು ಕಡೆ ಕಡಿಮೆ: ಎಲ್ಲಿ ನೋಡಬೇಕು, ಏನು ಮಾಡಬೇಕು

ಎದೆಹಾಲು ತೆಗೆಯುವ ಪಂಪ್ ನಿಲ್ಲಿಸಿ ನೋಡಿದರೆ ಬಲಗಡೆಯ ಬಾಟಲಿಯಲ್ಲಿ 90 ಮಿ.ಲೀ., ಎಡಗಡೆಯದರಲ್ಲಿ 40. ಪಂಪ್ ಬಳಸದ ಬಾಣಂತಿಗೆ ಇದೇ ಸಂಗತಿ ಬೇರೆ ರೀತಿಯಲ್ಲಿ ಗೊತ್ತಾಗುತ್ತದೆ. ಒಂದು ಕಡೆ ಎದೆ ತುಂಬಿ ರವಿಕೆ ಒದ್ದೆಯಾಗುತ್ತದೆ, ಇನ್ನೊಂದು ಕಡೆ ಮೆತ್ತಗೇ ಇರುತ್ತದೆ. ಆ ಕಡೆ ಮಗು ಎರಡು ನಿಮಿಷ ಚೀಪಿ ಅಳಲು ಶುರುಮಾಡುತ್ತದೆ. "ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ತರಿಸಿ" ಎಂಬ ಸಲಹೆ ಮನೆಯಲ್ಲಿ ಏಳುವುದೂ ಆಗಲೇ.

ಎರಡೂ ಎದೆಯಲ್ಲಿ ಅಳೆದಿಟ್ಟಂತೆ ಒಂದೇ ಪ್ರಮಾಣದ ಹಾಲು ಬರುವ ತಾಯಂದಿರೇ ಅಪರೂಪ. ಪಂಪ್ ಮಾಡಿಸಿ ಅಳೆದ ಅಧ್ಯಯನದಲ್ಲಿ ಬಲ ಎದೆಯ ಹಾಲೇ ಹೆಚ್ಚಿದ್ದದ್ದು ಕಂಡುಬಂದಿದೆ. ತಾಯಿ ಬಲಗೈಯವಳೋ ಎಡಗೈಯವಳೋ ಎಂಬುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮಗುವಿಗೆ ಬೇಕಾದದ್ದು ಒಟ್ಟು ಹಾಲು. ಒಂದರಿಂದ ಆರು ತಿಂಗಳೊಳಗಿನ ಮಗು ದಿನಕ್ಕೆ ಸರಾಸರಿ 750–800 ಮಿ.ಲೀ. ಕುಡಿಯುತ್ತದೆ; ಸುಮಾರು 500ರಲ್ಲೇ ಚೆನ್ನಾಗಿ ಬೆಳೆಯುವ ಮಕ್ಕಳೂ ಇದ್ದಾರೆ, ಲೀಟರ್ ದಾಟಿಸುವವರೂ ಇದ್ದಾರೆ. ಅದು 400 ಮತ್ತು 400 ಆಗಿ ಬಂದರೂ ಒಂದೇ, 550 ಮತ್ತು 250 ಆಗಿ ಬಂದರೂ ಒಂದೇ. ಹಾಂಕಾಂಗ್‌ನ ತಂಕಾ ಮೀನುಗಾರ ಸಮುದಾಯದಲ್ಲಿ ಹೆಂಗಸರ ಅಂಗಿ ಬಲಗಡೆಗೆ ತೆರೆಯುತ್ತಿತ್ತು. ಅವರಲ್ಲಿ ಬಹಳಷ್ಟು ಮಂದಿ ಬಲ ಎದೆಯೊಂದರಲ್ಲೇ ಮಕ್ಕಳನ್ನು ಸಾಕಿದರು. ನಮ್ಮಲ್ಲೂ ಅವಳಿ ಮಕ್ಕಳಿಗೆ ತಲಾ ಒಂದೊಂದು ಎದೆ ಮೀಸಲಿಟ್ಟು ಕುಡಿಸುವ ತಾಯಂದಿರಿದ್ದಾರೆ.

ಹಾಗಾಗಿ ಮೊದಲ ಪ್ರಶ್ನೆ "ಎರಡನ್ನೂ ಸಮ ಮಾಡುವುದು ಹೇಗೆ?" ಎಂಬುದಲ್ಲ, "ಸಮ ಮಾಡಬೇಕಾದ ಅಗತ್ಯ ಇದೆಯೇ?" ಎಂಬುದು. ಮಗುವಿನ ತೂಕ ಸರಿಯಾಗಿ ಏರುತ್ತಿದ್ದು, ನಿಮಗೆ ನೋವಿಲ್ಲದೆ, ತುಂಬಿದ ಕಡೆ ಗಂಟು ಕಟ್ಟದೆ ಇದ್ದರೆ ಏನೂ ಮಾಡಬೇಕಿಲ್ಲ. ಒಟ್ಟು ಹಾಲೇ ಸಾಲದಿದ್ದರೆ, ಇತ್ತೀಚೆಗೆ ಒಂದು ಕಡೆ ಹಠಾತ್ತನೆ ಇಳಿದಿದ್ದರೆ, ಹೆಚ್ಚಿನ ಕಡೆ ಪದೇಪದೇ ಕಲ್ಲಾಗುತ್ತಿದ್ದರೆ, ಅಥವಾ ಎರಡು ಕಡೆಯ ಗಾತ್ರದ ವ್ಯತ್ಯಾಸ ನಿಮಗೆ ಕಿರಿಕಿರಿಯಾಗುತ್ತಿದ್ದರೆ ಮುಂದೆ ಓದಿ.

ಒಂದೊಂದು ಎದೆಗೂ ಅದರದೇ ಲೆಕ್ಕ

ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಮತ್ತು ಹಾಲು ಇಳಿಸುವ, ಅಂದರೆ ತಯಾರಾದ ಹಾಲನ್ನು ತೊಟ್ಟಿನ ಕಡೆಗೆ ಹರಿಸುವ, ಆಕ್ಸಿಟೋಸಿನ್ ಹಾರ್ಮೋನುಗಳು ರಕ್ತದಲ್ಲಿ ಹರಿಯುವುದರಿಂದ ಎರಡೂ ಎದೆಗೆ ಒಂದೇ ಸಮ ತಲುಪುತ್ತವೆ. ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಸೋರುವುದು ಇದೇ ಕಾರಣಕ್ಕೆ. ಆದರೆ ಎಷ್ಟು ಹಾಲು ತಯಾರಾಗಬೇಕು ಎಂಬ ತೀರ್ಮಾನ ಆಯಾ ಎದೆಯೊಳಗೇ ಆಗುತ್ತದೆ. ಹಾಲು ತುಂಬಿ ನಿಂತರೆ ಆ ಕಡೆ ತಯಾರಿ ನಿಧಾನವಾಗುತ್ತದೆ, ಖಾಲಿಯಾದಷ್ಟೂ ವೇಗ ಹೆಚ್ಚುತ್ತದೆ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಥೈರಾಯ್ಡ್, ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ), ಹೆರಿಗೆಯಲ್ಲಿ ತುಂಬಾ ರಕ್ತಸ್ರಾವ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಇವೆಲ್ಲ ಎರಡೂ ಕಡೆ ಹಾಲು ತಗ್ಗಿಸುತ್ತವೆ. ಒಂದೇ ಕಡೆ ಕಡಿಮೆಯಿದ್ದರೆ ಕಾರಣವನ್ನು ಆ ಎದೆಯಲ್ಲಿ, ಅಲ್ಲಿ ಮಗು ಹಿಡಿಯುವ ರೀತಿಯಲ್ಲಿ, ಅಥವಾ ಆ ಕಡೆಗೆ ಹಾಕುವ ಪಂಪಿನಲ್ಲಿ ಹುಡುಕಬೇಕು. ಎರಡನೆಯದು, ತಿಂದದ್ದು ಕುಡಿದದ್ದು ಒಂದು ಕಡೆಗಷ್ಟೇ ಹೋಗುವುದಿಲ್ಲ. ಕಡಿಮೆ ಕಡೆಯನ್ನು ಏರಿಸುವ ದಾರಿ ಒಂದೇ: ಆ ಕಡೆಯಿಂದ ಈಗಿನದಕ್ಕಿಂತ ಹೆಚ್ಚು ಸಲ, ಹೆಚ್ಚು ಪೂರ್ತಿಯಾಗಿ ಹಾಲು ಹೊರಗೆ ಬರಬೇಕು.

ಇನ್ನೊಂದು ಅಂಶ ಹಾಲು ಹಿಡಿದಿಡುವ ಸಾಮರ್ಥ್ಯ. ಒಂದೇ ತಾಯಿಯ ಎರಡು ಎದೆಯಲ್ಲೂ ಇದು ಬೇರೆ ಬೇರೆ ಇರಬಹುದು, ಹೊರಗಿನ ಗಾತ್ರ ನೋಡಿ ಹೇಳಲಾಗದು. ಸಾಮರ್ಥ್ಯ ಕಡಿಮೆಯಿರುವ ಕಡೆ ಬೇಗ ತುಂಬಿ ಬೇಗ ನಿಧಾನಿಸುತ್ತದೆ. ಕೆಳಗಿನ ಅಳತೆಯಲ್ಲಿ ಇದು ಕಾಣಿಸುತ್ತದೆ.

ಮೊದಲು ಸರಿಯಾಗಿ ಅಳೆಯಿರಿ

ಬೆಳಿಗ್ಗೆ ಬಲಗಡೆ, ಮಧ್ಯಾಹ್ನ ಎಡಗಡೆ ಪಂಪ್ ಮಾಡಿ ಹೋಲಿಸಿದರೆ ಅದು ಲೆಕ್ಕವೇ ಅಲ್ಲ. ಹೆಚ್ಚಿನವರಿಗೆ ಬೆಳಗಿನ ಜಾವ ಹಾಲು ಜಾಸ್ತಿ, ಸಂಜೆ ಕಡಿಮೆ. ಹೀಗೆ ಮಾಡಿ:

1. ಸತತ ಮೂರು ದಿನ ಅಳೆಯಿರಿ. ಎರಡೂ ಕಡೆ ಒಟ್ಟಿಗೆ ತೆಗೆಯುವ ಡಬಲ್ ಪಂಪ್ ಇದ್ದರೆ ಒಳ್ಳೆಯದು. ಸಿಂಗಲ್ ಪಂಪ್ ಆದರೆ ಒಂದಾದ ಮೇಲೊಂದು ತಕ್ಷಣ ತೆಗೆಯಿರಿ, ಯಾವ ಕಡೆ ಮೊದಲು ಎಂಬುದನ್ನು ದಿನ ಬಿಟ್ಟು ದಿನ ಬದಲಿಸಿ.
2. ಎರಡೂ ಕಡೆ ಕೊನೆಯ ಬಾರಿ ಖಾಲಿಯಾದ ಸಮಯ ಒಂದೇ ಇರಬೇಕು. ಮಗು ಬಲಗಡೆ ಕುಡಿದು ಅರ್ಧ ಗಂಟೆಯಾಗಿದ್ದರೆ ಆ ಅಳತೆ ಬೇಡ.
3. ಸಮಯ, ಎಷ್ಟು ಗಂಟೆ ಅಂತರ, ಎಡ ಎಷ್ಟು, ಬಲ ಎಷ್ಟು, ಈ ನಾಲ್ಕನ್ನು ಬರೆದಿಡಿ. ಬಾಟಲಿಯ ಗೆರೆ ಸಣ್ಣ ಪ್ರಮಾಣಕ್ಕೆ ನಂಬಿಕಸ್ತವಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಖಾಲಿ ಬಾಟಲಿಯ ತೂಕ ಕಳೆದು ನೋಡಿ. ಒಂದು ಗ್ರಾಮನ್ನು ಒಂದು ಮಿ.ಲೀ. ಎಂದುಕೊಂಡರೆ ಸಾಕು.

ಈಗ ಆ ಚೀಟಿ ನೋಡಿ. ಎರಡು ಗಂಟೆ ಅಂತರದಲ್ಲಿ ಎರಡೂ ಕಡೆ ಹತ್ತಿರ ಹತ್ತಿರ ಬಂದು, ಐದು ಗಂಟೆ ಅಂತರದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದಾದರೆ ನಿಮ್ಮದು ಬಹುಶಃ ಸಾಮರ್ಥ್ಯದ ವ್ಯತ್ಯಾಸ. ಅಂಥವರು ಆ ಕಡೆ ಹೆಚ್ಚು ಹೊತ್ತು ಪಂಪ್ ಮಾಡುವುದರಿಂದ ಲಾಭವಿಲ್ಲ, ಹೆಚ್ಚು ಸಲ ಖಾಲಿ ಮಾಡಬೇಕು. ಎರಡೇ ಗಂಟೆಯಲ್ಲೂ ಒಂದು ಕಡೆ ಅರ್ಧಕ್ಕಿಂತ ಕಡಿಮೆ ಬಂದರೆ ಮುಂದಿನ ಭಾಗದಲ್ಲಿರುವ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ.

ಪಂಪಿಗೆ ಬಂದ ಹಾಲೇ ಮಗುವಿಗೆ ಸಿಗುವ ಹಾಲು ಎಂದು ಹೇಳುವಂತಿಲ್ಲ. ಚೆನ್ನಾಗಿ ಹಿಡಿಯುವ ಮಗು ಪಂಪಿಗಿಂತ ಹೆಚ್ಚು ಎಳೆಯಬಲ್ಲದು. ಮಗುವಿಗೆ ಸಾಲುತ್ತಿದೆಯೇ ಎಂದು ತಿಳಿಯಲು ತೂಕ ಮತ್ತು ಒದ್ದೆ ಬಟ್ಟೆಯೇ ಗಟ್ಟಿ ಸಾಕ್ಷಿ. ಐದನೇ ದಿನದ ನಂತರ 24 ಗಂಟೆಗೆ ಕನಿಷ್ಠ ಆರು ಸಲ ಚೆನ್ನಾಗಿ ಮೂತ್ರ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿರುವುದು, ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸರಿಸುಮಾರು 20–30 ಗ್ರಾಂ ಏರಿಕೆ. ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು; ಆಗ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ದಿನಕ್ಕೊಂದು ಬಾರಿ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ ಗಾಬರಿಯಾಗುವುದಕ್ಕಿಂತ ಒಂದೇ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗುವುದು ವಾಸಿ.

ಕಾರಣ ಎಲ್ಲಿದೆ?

ಪಂಪಿನಿಂದ ಶುರುಮಾಡಿ, ಯಾಕೆಂದರೆ ಅದು ಹತ್ತು ನಿಮಿಷದ ಕೆಲಸ. ಎಡಗಡೆಯ ಫ್ಲ್ಯಾಂಜ್ (ಎದೆಗೆ ಕೂರಿಸುವ ಆಲಿಕೆ), ವಾಲ್ವ್, ಟ್ಯೂಬ್ ಎಲ್ಲವನ್ನೂ ಬಲಗಡೆಗೆ ಹಾಕಿ, ಬಲಗಡೆಯದನ್ನು ಎಡಕ್ಕೆ ಹಾಕಿ ಒಮ್ಮೆ ಪಂಪ್ ಮಾಡಿ. ಕಡಿಮೆ ಹಾಲು ಈಗಲೂ ಅದೇ ಎದೆಯಲ್ಲಿ ಬಂದರೆ ಪಂಪಿನ ತಪ್ಪಿಲ್ಲ. ಕಡಿಮೆ ಹಾಲು ಆ ಭಾಗಗಳ ಜೊತೆಗೇ ಇನ್ನೊಂದು ಕಡೆಗೆ ಹೋಯಿತೋ, ದೋಷ ಭಾಗದಲ್ಲಿದೆ. ಹತ್ತರಲ್ಲಿ ಹಲವು ಸಲ ಕೈಕೊಡುವುದು ವಾಲ್ವ್: ಬಾತುಕೋಳಿಯ ಕೊಕ್ಕಿನಂತಿರುವ ಆ ಸಣ್ಣ ಸಿಲಿಕೋನ್ ತುಂಡು. ಬೆಳಕಿಗೆ ಹಿಡಿದು ಅದರ ತುದಿಯ ಸೀಳು ನೋಡಿ. ಸುಮ್ಮನಿದ್ದಾಗ ಸೀಳು ಪೂರ್ತಿ ಮುಚ್ಚಿರಬೇಕು. ಕೂದಲೆಳೆಯಷ್ಟು ಬಾಯಿಬಿಟ್ಟಿದ್ದರೂ ಎಳೆತ ಕುಗ್ಗುತ್ತದೆ. ತೊಳೆಯುವಾಗ ಬೆರಳನ್ನೋ ಬ್ರಷ್ಷನ್ನೋ ಸೀಳಿನೊಳಗೆ ತೂರಿಸುವುದರಿಂದಲೇ ಇದು ಹಾಳಾಗುವುದು. ದಿನಕ್ಕೆ ನಾಲ್ಕೈದು ಸಲ ಪಂಪ್ ಮಾಡುವವರು ಒಂದೆರಡು ತಿಂಗಳಿಗೊಮ್ಮೆ ವಾಲ್ವ್ ಬದಲಿಸಬೇಕು. ಒಂದೇ ಮೋಟಾರಿನ ಡಬಲ್ ಪಂಪಿನಲ್ಲಿ ಒಂದು ಕಡೆ ಗಾಳಿ ಸೋರಿದರೆ ಎರಡೂ ಕಡೆಯ ಎಳೆತ ತಗ್ಗಬಹುದು ಎಂಬುದೂ ನೆನಪಿರಲಿ.

ಫ್ಲ್ಯಾಂಜಿನ ಅಳತೆ ಎರಡೂ ಕಡೆ ಒಂದೇ ಇರಬೇಕೆಂಬ ನಿಯಮವಿಲ್ಲ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 24 ಅಥವಾ 28 ಮಿ.ಮೀ. ಬರುತ್ತದೆ, ಬಹಳಷ್ಟು ಮಂದಿಗೆ ಅದು ದೊಡ್ಡದು. ಪಂಪ್ ಮಾಡುವ ಮೊದಲು, ಸ್ಕೇಲ್ ಹಿಡಿದು ತೊಟ್ಟಿನ ಬುಡದ ಅಡ್ಡಗಲವನ್ನು ಮಿ.ಮೀ.ನಲ್ಲಿ ಅಳೆಯಿರಿ, ಸುತ್ತಲಿನ ಕಪ್ಪು ಭಾಗ ಲೆಕ್ಕಕ್ಕಿಲ್ಲ. ಅಷ್ಟೇ ಅಳತೆಯಿಂದ 3 ಮಿ.ಮೀ. ಹೆಚ್ಚಿನವರೆಗೆ ಪ್ರಯತ್ನಿಸಿ, ಆರಾಮವಾಗಿ ಹೆಚ್ಚು ಹಾಲು ಬಂದದ್ದನ್ನು ಇಟ್ಟುಕೊಳ್ಳಿ. ಎಡಕ್ಕೆ 17, ಬಲಕ್ಕೆ 21 ಆದರೂ ಆಶ್ಚರ್ಯವಿಲ್ಲ. ಕೊಳವೆಯೊಳಗೆ ಕಪ್ಪು ಭಾಗವೆಲ್ಲ ಎಳೆದುಕೊಂಡು ಹೋಗುತ್ತಿದ್ದರೆ ಫ್ಲ್ಯಾಂಜ್ ದೊಡ್ಡದು. ತೊಟ್ಟು ಗೋಡೆಗೆ ಉಜ್ಜಿ ನೋಯುತ್ತಿದ್ದರೆ, ಅಥವಾ ಆಮೇಲೆ ತೊಟ್ಟು ಬಿಳಿಚಿಕೊಂಡಿದ್ದರೆ ಚಿಕ್ಕದು. ಪೂರ್ತಿ ಹೊಸ ಸೆಟ್ ಕೊಳ್ಳುವ ಬದಲು ಒಳಗೆ ಕೂರಿಸುವ ಸಿಲಿಕೋನ್ ಇನ್ಸರ್ಟ್ ಸಾಕಾಗುತ್ತದೆ.

ಹಾಲು ಹಿಡಿಯಲು ಎದೆಗೆ ಅಂಟಿಸಿಕೊಳ್ಳುವ ಸಿಲಿಕೋನ್ ಕಲೆಕ್ಟರ್ ಬಗ್ಗೆ ಒಂದು ಎಚ್ಚರಿಕೆ. ಒತ್ತಿ ಬಿಟ್ಟು ಕೂರಿಸಿದರೆ ಅದು ಸೋರಿದ್ದನ್ನಷ್ಟೇ ಹಿಡಿಯುವುದಿಲ್ಲ, ಎಳೆಯುತ್ತದೆ ಕೂಡ. ಮಗುವನ್ನು ಕಡಿಮೆ ಕಡೆ ಹಾಕಿ, ಸೋರುವ ಹೆಚ್ಚಿನ ಕಡೆಗೆ ಪ್ರತಿ ಸಲವೂ ಕಲೆಕ್ಟರ್ ಹಾಕಿದರೆ ಹೆಚ್ಚಿರುವುದು ಇನ್ನೂ ಹೆಚ್ಚುತ್ತದೆ. ವ್ಯತ್ಯಾಸ ಬೆಳೆಯುತ್ತಲೇ ಇರುವ ಮನೆಗಳಲ್ಲಿ ಈ ಪುಟ್ಟ ಸಾಧನ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ. ಸೋರುವ ಕಡೆಗೆ ಹತ್ತಿಯ ಪ್ಯಾಡ್ ಸಾಕು.

ಅಭ್ಯಾಸ ಎರಡನೆಯದು. ಬಾಣಂತಿಯ ಮಂಚ ಗೋಡೆಗೆ ಒತ್ತಿಕೊಂಡಿದ್ದರೆ ಮಗು ಗೋಡೆಯ ಕಡೆಗೇ ಮಲಗುತ್ತದೆ, ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಕುಡಿಸುವುದಾಗುತ್ತದೆ. ಬಲಗೈ ಖಾಲಿಯಿರಲಿ ಎಂದು ಎಡಕ್ಕೇ ಹಾಕುವುದು, ಸಿಸೇರಿಯನ್ ಹೊಲಿಗೆ ಎಳೆಯುವ ಕಡೆ ತಿರುಗದಿರುವುದು, ತೊಟ್ಟು ಒಡೆದ ಕಡೆ ವಾರಗಟ್ಟಲೆ ತಪ್ಪಿಸುವುದು, ಇವೆಲ್ಲ ಎದೆಗೆ "ಇಲ್ಲಿ ಹಾಲು ಬೇಕಾಗಿಲ್ಲ" ಎಂದು ಹೇಳಿದಂತೆಯೇ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುವುದರಿಂದ ರಾತ್ರಿಯ ಈ ಪಕ್ಷಪಾತಕ್ಕೆ ಬೆಲೆ ಜಾಸ್ತಿ. ಎರಡು ದಿನ ಯಾವ ಕಡೆ, ಎಷ್ಟು ಹೊತ್ತಿಗೆ ಎಂದು ಗುರುತು ಹಾಕಿ ನೋಡಿ.

ಮಗುವಿನ ಕಡೆಯ ಕಾರಣಗಳಲ್ಲಿ ಕುತ್ತಿಗೆಯ ಬಿಗಿತ ಮುಖ್ಯ. ಮಗು ಯಾವಾಗಲೂ ಒಂದೇ ಕಡೆ ಮುಖ ಮಾಡಿ ಮಲಗುತ್ತಿದ್ದರೆ, ತಲೆಯ ಒಂದು ಪಕ್ಕ ಚಪ್ಪಟೆಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಷ್ಟದ ಹೆರಿಗೆಯಲ್ಲಿ ಕೊರಳ ಮೂಳೆಗೆ ಪೆಟ್ಟಾದ ಮಗುವೂ ಆ ಕಡೆ ಒರಗಿ ಮಲಗಲು ಒಪ್ಪುವುದಿಲ್ಲ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಯ ನಂತರ ತೊಡೆ ನೋಯುತ್ತಿದ್ದು ಒಂದೆರಡು ದಿನ ಹಠ ಮಾಡಿದರೆ ಅದು ತಾನಾಗಿ ಹೋಗುತ್ತದೆ. ಕಿವಿ ನೋವು, ಒಂದು ಕಡೆ ಮೂಗು ಕಟ್ಟುವುದೂ ಇದೇ ಸಾಲಿಗೆ ಸೇರುತ್ತವೆ.

ಇನ್ನು ಎದೆ. ಹಳೆಯ ಕೀವುಗಂಟಿನ ಗಾಯ, ಬಯಾಪ್ಸಿ, ಶಸ್ತ್ರಚಿಕಿತ್ಸೆ, ಚಿಕ್ಕಂದಿನ ಸುಟ್ಟಗಾಯ, ಇವುಗಳಿಂದ ಹಾಲಿನ ನಾಳ ಅಥವಾ ನರ ಕತ್ತರಿಸಿರಬಹುದು. ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಹಾಕಿದ ಕೊಯ್ತ ಹೆಚ್ಚು ತೊಂದರೆ ಕೊಡುತ್ತದೆ. ಗರ್ಭಿಣಿಯಿದ್ದಾಗ ಒಂದು ಎದೆ ಬೆಳೆಯಲೇ ಇಲ್ಲ, ಅದು ಕೊಳವೆಯಾಕಾರದಲ್ಲಿ ಕಿರಿದಾಗಿದೆ ಎಂದಿದ್ದರೆ ಅಲ್ಲಿ ಹಾಲಿನ ಗ್ರಂಥಿಯೇ ಕಡಿಮೆಯಿರಬಹುದು. ಇಂಥ ಕಡೆ ಸುಧಾರಣೆ ಸಾಧ್ಯ, ಸಮ ಆಗುವ ನಿರೀಕ್ಷೆ ಬೇಡ. ಎದೆಬಾವು ಬಂದು ಹೋದ ಕಡೆ ಕೆಲವು ದಿನ ಹಾಲು ಕಡಿಮೆಯಾಗುವುದುಂಟು, ಉಪ್ಪಿನಂಶ ಏರಿ ರುಚಿಯೂ ಬದಲಾಗುತ್ತದೆ. ಮಗು ಮುಖ ಸಿಂಡರಿಸಿದರೂ ಕುಡಿಸುವುದನ್ನು ಮುಂದುವರಿಸಿದರೆ ಹೆಚ್ಚಾಗಿ ಮರಳುತ್ತದೆ.

ಕಡಿಮೆ ಕಡೆಯನ್ನು ಏರಿಸುವ ಕ್ರಮ

ಎಲ್ಲವನ್ನೂ ಒಂದೇ ದಿನ ಶುರುಮಾಡಬೇಡಿ. ಮೊದಲ ಎರಡು ಹೆಜ್ಜೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಹೆಜ್ಜೆ 1. ಹಗಲಿನಲ್ಲಿ ಪ್ರತಿ ಸಲವೂ ಕಡಿಮೆ ಕಡೆಯಿಂದಲೇ ಶುರುಮಾಡಿ. ಹಸಿದ ಮಗು ಮೊದಲ ನಿಮಿಷಗಳಲ್ಲಿ ಜೋರಾಗಿ ಎಳೆಯುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ನುಂಗುವ ಸದ್ದು ನಿಂತಾಗ ಇನ್ನೊಂದು ಕಡೆಗೆ ಹಾಕಿ. ಅಲ್ಲಿ ಕುಡಿದು ಅರೆನಿದ್ದೆಯಲ್ಲಿರುವಾಗ ಮತ್ತೆ ಕಡಿಮೆ ಕಡೆಗೆ ಕೊಡಿ. ಚಪ್ಪರಿಸುತ್ತ ಮಲಗುವ ಐದು ನಿಮಿಷವೂ ಆ ಎದೆಗೆ ಕರೆ ಹೋದಂತೆಯೇ. ಮಗು ಕಡಿಮೆ ಕಡೆ ತಾಳ್ಮೆಗೆಟ್ಟು ಅಳುವ ಜಾತಿಯದಾದರೆ ಕ್ರಮ ತಿರುಗಿಸಿ: ಹೆಚ್ಚಿನ ಕಡೆ ಒಂದೆರಡು ನಿಮಿಷ ಹಾಕಿ, ಹಾಲು ಇಳಿದ ಕೂಡಲೇ ಬದಲಿಸಿ. ಇಳಿಯುವುದು ಎರಡೂ ಕಡೆ ಒಟ್ಟಿಗೆ ಆದ್ದರಿಂದ ಕಡಿಮೆ ಕಡೆಯಲ್ಲೂ ಆಗ ಹಾಲು ಸಿದ್ಧವಿರುತ್ತದೆ.

ಹೆಜ್ಜೆ 2. ಕುಡಿಯುವಾಗ ಎದೆಯನ್ನು ಒತ್ತಿ ಕೊಡಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದಿಂದ ದೂರವಿರಲಿ. ಮಗು ಚೀಪುತ್ತಿದ್ದು ನುಂಗದಿದ್ದಾಗ ಮೆಲ್ಲಗೆ ಒತ್ತಿ ಹಿಡಿಯಿರಿ, ನುಂಗಲು ಶುರುಮಾಡುತ್ತದೆ. ನುಂಗುವುದು ನಿಂತಾಗ ಬಿಡಿ, ಬೆರಳಿನ ಜಾಗ ಬದಲಿಸಿ ಮತ್ತೆ ಒತ್ತಿ. ಜಾರಿಸಿ ಉಜ್ಜಬೇಡಿ. ಒಂದು ಸಲಕ್ಕೆ ಮಗು ಸಾಮಾನ್ಯವಾಗಿ ಎದೆಯಲ್ಲಿರುವ ಹಾಲಿನ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ಕುಡಿಯುತ್ತದೆ. ಒತ್ತಿ ಕೊಟ್ಟರೆ ಉಳಿದದ್ದರಲ್ಲೂ ಒಂದಿಷ್ಟು ಹೋಗುತ್ತದೆ.

ಹೆಜ್ಜೆ 3. ದಿನಕ್ಕೆ ಮೂರು ನಾಲ್ಕು ಸಲ, ಕುಡಿಸಿದ ಮೇಲೆ ಕಡಿಮೆ ಕಡೆಯನ್ನು ಮಾತ್ರ 8–10 ನಿಮಿಷ ಪಂಪ್ ಮಾಡಿ ಅಥವಾ ಕೈಯಿಂದ ಹಿಂಡಿ. ಅದರಲ್ಲಿ ಒಂದು ಬೆಳಗಿನ ಜಾವದ್ದಿರಲಿ. ಐದೇ ಮಿ.ಲೀ. ಬಂದರೂ, ಏನೂ ಬಾರದಿದ್ದರೂ ಸರಿ, ಆ ಹೊತ್ತಿನ ಉದ್ದೇಶ ಸಂಗ್ರಹವಲ್ಲ. ಕೈಯಿಂದ ಹಿಂಡುವ ಕ್ರಮ: ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಬುಡದಿಂದ 2–3 ಸೆಂ.ಮೀ. ಹಿಂದೆ ಎದುರುಬದುರು ಇಡಿ, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರತ್ತ ಇನ್ನೊಂದು ಒತ್ತಿ, ಬಿಡಿ. ಒತ್ತು, ಹಿಂಡು, ಬಿಡು. ಧಾರೆ ನಿಂತಾಗ ಬೆರಳನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸುತ್ತ ಹೋಗಿ. ತೊಟ್ಟನ್ನೇ ಹಿಡಿದು ಎಳೆದರೆ ನೋವು ಬರುತ್ತದೆ, ಹಾಲು ಬರುವುದಿಲ್ಲ.

ಹೆಜ್ಜೆ 4. ಇಷ್ಟು ಮಾಡಿಯೂ ಐದಾರು ದಿನದಲ್ಲಿ ಬದಲಾವಣೆ ಕಾಣದಿದ್ದರೆ ಪವರ್ ಪಂಪಿಂಗ್ ಸೇರಿಸಿ. ದಿನಕ್ಕೊಂದು ಗಂಟೆ, ಕಡಿಮೆ ಕಡೆಗೆ ಮಾತ್ರ: 20 ನಿಮಿಷ ಪಂಪ್, 10 ವಿಶ್ರಾಂತಿ, 10 ಪಂಪ್, 10 ವಿಶ್ರಾಂತಿ, 10 ಪಂಪ್. ಮಗು ಸಣ್ಣ ಅಂತರದಲ್ಲಿ ಪದೇಪದೇ ಕುಡಿಯುವುದನ್ನು ಇದು ಅನುಕರಿಸುತ್ತದೆ. ನಾಲ್ಕರಿಂದ ಏಳು ದಿನ ಸಾಕು. ಆ ಗಂಟೆಗಾಗಿ ನಿದ್ದೆ ಕೆಡಿಸಿಕೊಳ್ಳುವುದಾದರೆ ಈ ಹೆಜ್ಜೆಯನ್ನೇ ಬಿಡಿ, ಮೂರನೆಯದನ್ನು ಇನ್ನೊಂದು ಸಲ ಮಾಡಿ.

ವ್ಯತ್ಯಾಸ ಸಾಮಾನ್ಯವಾಗಿ ಮೂರರಿಂದ ಏಳು ದಿನದಲ್ಲಿ ತೋರಲು ಶುರುವಾಗಿ ಎರಡು ವಾರದಲ್ಲಿ ಒಂದು ಹಂತಕ್ಕೆ ನಿಲ್ಲುತ್ತದೆ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಎದೆ ಬೇಗ ಸ್ಪಂದಿಸುತ್ತದೆ. ನಾಲ್ಕೈದು ತಿಂಗಳಾದ ಮೇಲೆ ಫಲ ನಿಧಾನ. 90 ಮತ್ತು 40 ಇದ್ದದ್ದು 90 ಮತ್ತು 60 ಆದರೆ ಅದನ್ನೇ ಯಶಸ್ಸು ಎಂದುಕೊಳ್ಳಿ. ಎರಡು ವಾರ ಮಾಡಿಯೂ ಕದಲದಿದ್ದು, ಒಟ್ಟು ಹಾಲು ಸಾಲುತ್ತಿದ್ದರೆ ನಿಲ್ಲಿಸಿ. ಹಠಕ್ಕೆ ಬಿದ್ದು ದಿನಕ್ಕೆ ಎಂಟು ಸಲ ಪಂಪ್ ಮಾಡಿ ತೊಟ್ಟು ಹುಣ್ಣು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೆಲಸಕ್ಕೆ ಹೋಗುವವರು, ಪಂಪ್ ಮಾತ್ರ ಮಾಡುವವರು

ಡಬಲ್ ಪಂಪಿನಲ್ಲಿ ಮೊದಲ ಎರಡು ನಿಮಿಷ ವೇಗದ, ಹಗುರ ಎಳೆತದ ಮೋಡ್. ಹಾಲು ಇಳಿದ ಮೇಲೆ ನಿಧಾನದ, ಆಳದ ಮೋಡ್. ಎಳೆತವನ್ನು ಒಂದೊಂದೇ ಹಂತ ಏರಿಸಿ, ಹಿಂಸೆಯಾದ ಕೂಡಲೇ ಒಂದು ಹಂತ ಇಳಿಸಿ ಅಲ್ಲೇ ನಿಲ್ಲಿಸಿ. ಹೆಚ್ಚು ಎಳೆತಕ್ಕೆ ಹೆಚ್ಚು ಹಾಲು ಎಂಬುದು ತಪ್ಪು ಲೆಕ್ಕ. ನೋವಾದರೆ ಹಾಲು ಇಳಿಯುವುದೇ ತಡೆಯುತ್ತದೆ. 15 ನಿಮಿಷಕ್ಕೆ ಹೆಚ್ಚಿನ ಕಡೆಯ ಫ್ಲ್ಯಾಂಜ್ ತೆಗೆದುಬಿಡಿ, ಕಡಿಮೆ ಕಡೆಯಲ್ಲಿ ಇನ್ನೂ 5–8 ನಿಮಿಷ ಮುಂದುವರಿಸಿ, ಖಾಲಿಯಾದ ಕೈಯಿಂದ ಆ ಕಡೆ ಒತ್ತಿ ಕೊಡಿ. ಗಾಳಿ ಸೋರದಂತೆ ತೆಗೆದ ಕಡೆಯ ಟ್ಯೂಬನ್ನು ಮುಚ್ಚುವ ಅಥವಾ ಮಡಚುವ ವ್ಯವಸ್ಥೆ ಬೇಕಾಗಬಹುದು, ನಿಮ್ಮ ಪಂಪಿನ ಕೈಪಿಡಿ ನೋಡಿ. ಸಿಂಗಲ್ ಪಂಪ್ ಆದರೆ ಕಡಿಮೆ ಕಡೆ 10, ಹೆಚ್ಚಿನ ಕಡೆ 10, ಮತ್ತೆ ಕಡಿಮೆ ಕಡೆ 5 ನಿಮಿಷ.

ಮನೆಯಲ್ಲಿರುವಾಗ ಮಗುವನ್ನು ಹೆಚ್ಚಿನ ಕಡೆ ಹಾಕಿ ಅದೇ ಹೊತ್ತಿಗೆ ಕಡಿಮೆ ಕಡೆಗೆ ಪಂಪ್ ಹಾಕುವುದು ಚೆನ್ನಾಗಿ ಫಲಿಸುತ್ತದೆ, ಯಾಕೆಂದರೆ ಹಾಲು ಇಳಿಸುವ ಕೆಲಸ ಮಗುವೇ ಮಾಡಿಕೊಡುತ್ತದೆ. ಮಗುವಿನ ಕಾಲು ಟ್ಯೂಬಿಗೆ ಸಿಗದಂತೆ ದಿಂಬು ಅಡ್ಡವಿಡಿ.

ಎರಡೂ ಕಡೆಯ ಹಾಲನ್ನು ಒಂದೇ ಬಾಟಲಿಗೆ ಸೇರಿಸಬಹುದು. ಬೇರೆ ಬೇರೆ ಹೊತ್ತಿನದಾದರೆ ಹೊಸದನ್ನು ಫ್ರಿಜ್ಜಿನಲ್ಲಿ ತಣಿಸಿ ಆಮೇಲೆ ಸೇರಿಸಿ. 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇಡಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆ ನಾಲ್ಕು ಗಂಟೆಯನ್ನು ನಂಬಬೇಡಿ, ತಕ್ಷಣ ತಂಪಿಗಿಡಿ.

ಮಗು ಆ ಕಡೆ ಬಾಯೇ ಹಾಕದಿದ್ದರೆ

ಇಷ್ಟವಾದ ಕಡೆ, ಬಲಗಡೆ ಎನ್ನೋಣ, ತೊಡೆಯ ಮೇಲೆ ಅಡ್ಡ ಮಲಗಿಸಿ ಕುಡಿಸಿ. ಅರ್ಧ ಹೊಟ್ಟೆ ತುಂಬಿ ಸಮಾಧಾನವಾದಾಗ ಮಗುವನ್ನು ತಿರುಗಿಸದೆ, ಅದೇ ಮಗ್ಗುಲಲ್ಲಿ ಹಾಗೇ ಎಡಕ್ಕೆ ಜಾರಿಸಿ. ಕಾಲು ನಿಮ್ಮ ಎಡ ಕಂಕುಳ ಕೆಳಗೆ ಬೆನ್ನ ಹಿಂದಕ್ಕೆ ಹೋಗುತ್ತದೆ. ಕುತ್ತಿಗೆ ಬಿಗಿದ ಮಗುವಿಗೆ ಎದೆ ಬದಲಾದದ್ದೇ ಗೊತ್ತಾಗುವುದಿಲ್ಲ. ಅರೆನಿದ್ದೆಯಲ್ಲಿ, ಮಂದ ಬೆಳಕಿನಲ್ಲಿ, ಎತ್ತಿಕೊಂಡು ನಡೆಯುತ್ತ ಪ್ರಯತ್ನಿಸಿ. ಅಳುವ ಮಗುವಿನ ತಲೆ ಹಿಡಿದು ಒತ್ತಬೇಡಿ, ಒತ್ತಿದಷ್ಟೂ ಹಿಂದಕ್ಕೆ ಬಾಗುತ್ತದೆ. ಒಪ್ಪುವವರೆಗೂ ಪ್ರತಿ ಎರಡು ಮೂರು ಗಂಟೆಗೆ ಆ ಕಡೆ ಹಾಲು ತೆಗೆಯುವುದನ್ನು ಮರೆಯಬೇಡಿ.

ಆ ಕಡೆಯ ತೊಟ್ಟು ಒಳಗೆ ಸೇರಿದ್ದರೆ ನಮ್ಮ ಆಸ್ಪತ್ರೆಗಳಲ್ಲಿ ಹೇಳಿಕೊಡುವ ಸಿರಿಂಜಿನ ಉಪಾಯವಿದೆ. ಸೂಜಿಯಿಲ್ಲದ ಹೊಸ 10 ಅಥವಾ 20 ಮಿ.ಲೀ. ಸಿರಿಂಜ್ ತಗೊಂಡು, ಸೂಜಿ ಕೂರುವ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ. ಒಳಗಿನ ದಂಡವನ್ನು ಹೊರತೆಗೆದು ಆ ಕತ್ತರಿಸಿದ ಕಡೆಯಿಂದ ತೂರಿಸಿ. ಈಗ ನಯವಾದ, ಅಂಚಿರುವ ಇನ್ನೊಂದು ಬಾಯಿಯನ್ನು ತೊಟ್ಟಿನ ಮೇಲಿಟ್ಟು ದಂಡವನ್ನು ಮೆಲ್ಲಗೆ ಎಳೆಯಿರಿ. ಕತ್ತರಿಸಿದ ಒರಟು ಅಂಚು ಯಾವ ಕಾರಣಕ್ಕೂ ಚರ್ಮಕ್ಕೆ ತಾಗಬಾರದು. 30 ಸೆಕೆಂಡಿನಿಂದ ಒಂದು ನಿಮಿಷ ಹಿಡಿದು, ದಂಡವನ್ನು ಸ್ವಲ್ಪ ಒಳಕ್ಕೆ ತಳ್ಳಿ ಎಳೆತ ಬಿಡಿಸಿ, ಆಮೇಲೆ ಸಿರಿಂಜ್ ತೆಗೆದು ಕೂಡಲೇ ಮಗುವನ್ನು ಹಾಕಿ. ದಿನಕ್ಕೆ ಹಲವು ಸಲ ಮಾಡಬಹುದು. ನೋವಾದರೆ ಎಳೆತ ಜಾಸ್ತಿಯಾಯಿತೆಂದು ಅರ್ಥ.

ಹೆಚ್ಚಿನ ಕಡೆಯನ್ನು ಹಸಿವಿಗೆ ಹಾಕಬೇಡಿ

ವ್ಯತ್ಯಾಸ ಕಡಿಮೆ ಮಾಡುವ ಆತುರದಲ್ಲಿ ಹೆಚ್ಚಿನ ಕಡೆಯನ್ನು ಅರ್ಧ ದಿನ ಮುಟ್ಟದೆ ಬಿಡುವವರಿದ್ದಾರೆ. ಫಲ: ಆ ಕಡೆ ಕಲ್ಲಾಗಿ, ಬಾವು ಬಂದು, ಜ್ವರ ಬಂದು, ಕೊನೆಗೆ ಎರಡೂ ಕಡೆ ಕುಡಿಸುವುದು ಕಷ್ಟ. ಅದು ಮಗುವಿನ ಊಟದ ದೊಡ್ಡ ಪಾಲು ಎಂಬುದೂ ನೆನಪಿರಲಿ. ಎಂದಿನಂತೆ ಕುಡಿಸಿ, ಕುಡಿಸಿದ ಮೇಲೆ ಹೆಚ್ಚುವರಿ ಪಂಪ್ ಮಾತ್ರ ಬೇಡ. ಬಿಗಿದು ನೋವಾದರೆ ಬಿಗಿತ ತಗ್ಗುವಷ್ಟು ಮಾತ್ರ, ಒಂದೆರಡು ನಿಮಿಷ ಕೈಯಿಂದ ಹಿಂಡಿ, ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಡಿ.

ಗಂಟು ಕಟ್ಟಿದಾಗ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ಉಜ್ಜುವುದು ನಮ್ಮ ಬಾಣಂತನದ ಹಳೆಯ ಪದ್ಧತಿ. ಎಣ್ಣೆ ನೀರು ಹಾಕಿಸಿಕೊಳ್ಳಿ, ಬೆನ್ನು ಕಾಲು ತಿಕ್ಕಿಸಿಕೊಳ್ಳಿ, ಎದೆಯನ್ನು ಬಿಟ್ಟುಬಿಡಲು ಹೇಳಿ. ಗಂಟಿನಂತೆ ಕೈಗೆ ಸಿಗುವುದು ಬಹುಪಾಲು ಊದಿಕೊಂಡ ಅಂಗಾಂಶ, ಉಜ್ಜಿದರೆ ಊತ ಹೆಚ್ಚುತ್ತದೆ. ಈಗಿನ ವೈದ್ಯಕೀಯ ಸಲಹೆ ತಣ್ಣನೆ ಶೇಕ, ವಿಶ್ರಾಂತಿ, ವೈದ್ಯರನ್ನು ಕೇಳಿ ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್, ಮತ್ತು ಎಂದಿನಷ್ಟೇ ಕುಡಿಸುವುದು.

ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ, ಲೇಹ

ಮೊದಲೇ ಹೇಳಿದಂತೆ ಇವು ಕೆಲಸ ಮಾಡಿದರೂ ಎರಡೂ ಕಡೆ ಮಾಡುತ್ತವೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಬಾಣಂತಿಗೆ ಹಸಿವಾದಾಗ ಹೊಟ್ಟೆ ತುಂಬ ಊಟ, ಬಾಯಾರಿದಾಗ ನೀರು ಬೇಕು. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ಲೋಟ ಕಿತ್ತುಕೊಳ್ಳುವುದು ಬೇಡ. ಅಡುಗೆಯಲ್ಲಿ ಮೆಂತ್ಯ ಹಾಕುವುದಕ್ಕೆ ಅಡ್ಡಿಯಿಲ್ಲ, ಮಾತ್ರೆಯ ರೂಪದಲ್ಲಿ ಹೆಚ್ಚು ತೆಗೆದುಕೊಳ್ಳುವ ಮೊದಲು ಮಧುಮೇಹ, ಥೈರಾಯ್ಡ್ ಇರುವವರು ವೈದ್ಯರನ್ನು ಕೇಳಬೇಕು. ಹಾಲು ಹೆಚ್ಚಿಸಲೆಂದು ಬಳಸುವ ಡೊಂಪೆರಿಡೋನ್ ಮಾತ್ರೆಯನ್ನು ಔಷಧಿ ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಅದು ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸುತ್ತದೆ.

ಯಾವಾಗ ವೈದ್ಯರಿಗೆ ತೋರಿಸಬೇಕು

ಐದನೇ ದಿನದ ನಂತರ ಮಗುವಿಗೆ ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ, ಎರಡು ವಾರವಾದರೂ ಹುಟ್ಟಿದ ತೂಕ ಬಾರದಿರುವುದು, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಮಕ್ಕಳ ವೈದ್ಯರ ಬಳಿಗೆ ಹೋಗಿ. ಅಂಥ ಹೊತ್ತಿನಲ್ಲಿ ಮೇಲುಹಾಲು ಕೊಡಬೇಕಾಗಿ ಬಂದರೆ ಹಿಂಜರಿಯಬೇಡಿ. ಮಗುವಿಗೆ ಶಕ್ತಿ ಬಂದರೆ ತಾನೇ ಎದೆಯನ್ನೂ ಚೆನ್ನಾಗಿ ಎಳೆಯುತ್ತದೆ.

ನಿಮಗೆ 101 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಚಳಿ, ಒಂದು ಕಡೆ ಕಾವು, ಬಿಗಿತ ಇದ್ದು 24 ಗಂಟೆಯಲ್ಲಿ ತಗ್ಗದಿದ್ದರೆ ತೋರಿಸಿ. ಕೆಂಪಾಗಿದೆಯೇ ಎಂದು ಕಾಯಬೇಡಿ, ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಂಗೈಯ ಹಿಂಭಾಗ ಇಟ್ಟು ಎರಡೂ ಕಡೆಯ ಕಾವು ಹೋಲಿಸಿ. ಎದೆಬಾವಿದ್ದಾಗಲೂ ಆ ಕಡೆಯ ಹಾಲು ಮಗುವಿಗೆ ಸುರಕ್ಷಿತ.

ಒಂದೆರಡು ವಾರವಾದರೂ ಕರಗದ ಗಂಟು, ಚರ್ಮ ಗುಳಿಬಿದ್ದು ಕಿತ್ತಳೆ ಸಿಪ್ಪೆಯಂತಾಗುವುದು, ಮೊದಲಿಲ್ಲದೆ ಈಗ ಒಳಗೆ ಎಳೆದುಕೊಂಡ ತೊಟ್ಟು, ರಕ್ತ ಬರುತ್ತಲೇ ಇರುವುದು, ಅಥವಾ ಇಷ್ಟು ದಿನ ಸರಿಯಾಗಿ ಕುಡಿಯುತ್ತಿದ್ದ ಮಗು ಬೇರೆ ಯಾವ ಕಾರಣವೂ ಕಾಣದೆ ಒಂದೇ ಕಡೆಯನ್ನು ವಾರಗಟ್ಟಲೆ ನಿರಾಕರಿಸುವುದು, ಇವಕ್ಕೆ ಪರೀಕ್ಷೆ ಬೇಕು. ಬಹುಪಾಲು ಏನೂ ಇರುವುದಿಲ್ಲ, ಅಪರೂಪಕ್ಕೆ ಕ್ಯಾನ್ಸರ್ ಇರುತ್ತದೆ. "ಹಾಲೂಡಿಸುವಾಗ ಹೀಗೆಲ್ಲ ಇರುತ್ತೆ, ಬಿಡಿಸಿದ ಮೇಲೆ ನೋಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಸ್ಕ್ಯಾನಿಂಗ್ ಕೇಳಿ. ಅಲ್ಟ್ರಾಸೌಂಡಿಗಾಗಿ ಹಾಲು ಬಿಡಿಸಬೇಕಾಗಿಲ್ಲ. ಹೋಗುವ ಮೊದಲು ಆ ಕಡೆ ಕುಡಿಸಿ ಅಥವಾ ಪಂಪ್ ಮಾಡಿ ಎದೆ ಮೆತ್ತಗಾಗಿದ್ದರೆ ಚಿತ್ರ ಇನ್ನೂ ಸ್ಪಷ್ಟವಾಗಿ ಬರುತ್ತದೆ.